ಆಟಕ್ಕೆ ಎಲ್ಲರನ್ನೂ ಕರೆಯುವುದು ಹೇಗೆ: ಮಲೆನಾಡಿನ ಊರುಗಳಿಗೆ ಒಂದು ಮಾರ್ಗದರ್ಶಿ

ನಮ್ಮೂರು ತೀರ್ಥಹಳ್ಳಿ ತಾಲ್ಲೂಕಿನದು. ಅಡಿಕೆ ಕೊಯ್ಲು ಮುಗಿದ ಮೇಲೆ ಶಾಲೆಯ ಬಯಲಿನಲ್ಲಿ ವರ್ಷಕ್ಕೊಂದು ಆಟ, ಅಂದರೆ ಯಕ್ಷಗಾನ, ಆಡಿಸುತ್ತೇವೆ. ಕೆಲವು ವರ್ಷ ನಾಟಕವೂ ಇರುತ್ತದೆ. ನನ್ನ ಚಿಕ್ಕಪ್ಪ ಒಳ್ಳೆಯ ಮದ್ದಲೆಗಾರರು. ಒಂದು ವರ್ಷ ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನ ಹೋಯಿತು. ಆಮೇಲೆ ಆರು ವರ್ಷ ಅವರು ಆಟಕ್ಕೆ ಬರಲಿಲ್ಲ.

ಪ್ರತಿ ವರ್ಷ ನಾವು ಅವರ ಮನೆಗೆ ಹೋಗಿದ್ದೆವು. ಚಿಕ್ಕಮ್ಮನ ಕೈಗೆ ಕರಪತ್ರ ಕೊಟ್ಟು, "ಎಲ್ಲರೂ ಬನ್ನಿ" ಎಂದಿದ್ದೆವು. ಚಿಕ್ಕಪ್ಪ ಅಲ್ಲೇ ಜಗಲಿಯಲ್ಲಿ ಕೂತಿರುತ್ತಿದ್ದರು. ಏಳನೇ ವರ್ಷ ನಾನು ಕರಪತ್ರವನ್ನು ಅವರ ಕೈಗೇ ಕೊಟ್ಟೆ. ಅವರು ಅದನ್ನು ಪೂರ್ತಿ ಓದಿದರು. ಆಮೇಲೆ ಕೇಳಿದರು: "ನಾನು ಬಂದರೆ ಎಲ್ಲಿ ಕೂರಲಿ?"

ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ಆಟ ಆಡಿಸುವವರಿರಬಹುದು, ಭಜನೆ ಮಂಡಳಿಯವರಿರಬಹುದು, ಶಾಲೆಯ ವಾರ್ಷಿಕೋತ್ಸವ ಮಾಡುವ ಮೇಷ್ಟ್ರಿರಬಹುದು. ಕೆಲಸ ಹೆಚ್ಚುಕಡಿಮೆ ಒಂದೇ.

ಮೊದಲು: ಕರಪತ್ರ ಅಚ್ಚು ಹಾಕಿಸುವ ಮುಂಚೆ ಅವರ ಮನೆಗೆ ಹೋಗಿ

ತಾರೀಖು, ಜಾಗ, ಹೊತ್ತು ಇದೆಲ್ಲ ಗೊತ್ತು ಮಾಡಿಕೊಂಡು ಕೊನೆಗೆ, "ಅಂಗವಿಕಲರಿಗೆ ಏನು ಮಾಡೋಣ?" ಎಂದು ಯೋಚಿಸಿದರೆ ತಡವಾಗಿರುತ್ತದೆ. ಎರಡು ತಿಂಗಳು ಮುಂಚೆಯೇ ಶುರು ಮಾಡಿ.

ನಿಮ್ಮೂರಲ್ಲಿ ಯಾರ್‍ಯಾರಿದ್ದಾರೆ ಎಂದು ನಿಮಗೆ ಗೊತ್ತಿದೆ ಅಂದುಕೊಂಡಿರುತ್ತೀರಿ. ನಾವೂ ಹಾಗೇ ಅಂದುಕೊಂಡಿದ್ದೆವು. ಮೂರು ಜನ ಎಂದು ಲೆಕ್ಕ ಹಾಕಿದ್ದೆವು. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿದಾಗ ನಮ್ಮ ಲೆಕ್ಕ ಎಷ್ಟು ಕಡಿಮೆ ಎಂದು ಗೊತ್ತಾಯಿತು. ಊರ ಕಡೆ ಅವರನ್ನು ವಿ.ಆರ್.ಡಬ್ಲ್ಯೂ. ಎನ್ನುತ್ತಾರೆ. ತಾಲ್ಲೂಕು ಮಟ್ಟದಲ್ಲಿ ಎಂ.ಆರ್.ಡಬ್ಲ್ಯೂ., ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಇರುತ್ತಾರೆ. ಪಿಂಚಣಿ, ಗುರುತಿನ ಚೀಟಿ ಎಂದು ಮನೆಮನೆ ತಿರುಗುವವರು ಇವರೇ. ಅವರ ಹತ್ತಿರ ಹೆಸರಿನ ಪಟ್ಟಿ ಕೇಳಬೇಡಿ. ಒಬ್ಬರ ಕಾಯಿಲೆ, ಕಷ್ಟದ ವಿಷಯ ಊರೆಲ್ಲ ಹರಡಬಾರದು. "ನಾವು ಹೀಗೆ ಕರೆಯಬೇಕು ಅಂತಿದ್ದೇವೆ, ಯಾರಿಗೆ ಇಷ್ಟ ಇದೆಯೋ ಅವರನ್ನು ಕೇಳಿ ಹೇಳಿ" ಎನ್ನಿ. ಅಷ್ಟು ಸಾಕು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವೈಕಲ್ಯ ಇರುವವರು 13 ಲಕ್ಷಕ್ಕೂ ಜಾಸ್ತಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯವನ್ನು ಗುರುತಿಸುತ್ತದೆ. ಕುಳ್ಳಗಿರುವವರು, ಕುಷ್ಠರೋಗ ವಾಸಿಯಾದವರು, ಆಟಿಸಂ ಇರುವ ಮಕ್ಕಳು, ಮಾನಸಿಕ ಕಾಯಿಲೆ ಇರುವವರು ಎಲ್ಲರೂ ಇದರಲ್ಲಿ ಬರುತ್ತಾರೆ. ಎಷ್ಟೋ ಜನರನ್ನು ನೋಡಿದ ತಕ್ಷಣ ಗೊತ್ತಾಗುವುದಿಲ್ಲ.

ನಮ್ಮ ಜಿಲ್ಲೆಯವರು ಇನ್ನೊಂದನ್ನು ಮರೆಯಬಾರದು. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಮೊದಲು ಗಮನಕ್ಕೆ ಬಂದ ಕೀಲುಮೂಳೆಯ ಕಾಯಿಲೆ ಇದೆ. ಊರಿನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಯ ಕೆಲವು ದಲಿತ ಕುಟುಂಬಗಳಲ್ಲಿ ಇದು ತಲೆಮಾರಿನಿಂದ ತಲೆಮಾರಿಗೆ ಬಂದಿದೆ. ಸೊಂಟ, ಮಂಡಿ ಸವೆದು ನಡೆಯುವುದೇ ನೋವು. ಕೆಲವರು ಕೈ ಊರಿ ತೆವಳಿಕೊಂಡೇ ಓಡಾಡಬೇಕು. ಮೊದಲು ಜಾತಿಯ ಕಾರಣಕ್ಕೆ, ಆಮೇಲೆ ಕಾಲಿನ ಕಾರಣಕ್ಕೆ, ಹೀಗೆ ಎರಡು ಸಲ ಹೊರಗುಳಿದವರು ಇವರು. ಕೇರಿಗೆ ಹೋಗಿ, ಒಳಗೆ ಕೂತು, ಮಾತಾಡಿ ಕರೆಯಿರಿ. ಬೇಲಿಯ ಹೊರಗೆ ನಿಂತು ಕರಪತ್ರ ಚಾಚಿದರೆ ಅದು ಕರೆಯಲ್ಲ.

ಮನೆಗೆ ಹೋದಾಗ ಮನೆಯವರ ಜೊತೆ ಅಲ್ಲ, ಅವರ ಜೊತೆ ಮಾತಾಡಿ. ಇದು ಹೇಳುವಷ್ಟು ಸುಲಭ ಅಲ್ಲ. ಕಣ್ಣು ಕಾಣದ ಒಬ್ಬರು ಅಕ್ಕ ನಮ್ಮ ಪಕ್ಕದ ಊರಲ್ಲಿದ್ದಾರೆ. ಅವರೆದುರೇ ಜನ ಅವರ ತಂಗಿಯನ್ನು, "ಇವರಿಗೆ ಊಟ ಆಯ್ತಾ?" ಎಂದು ಕೇಳುತ್ತಾರೆ. ಅವರಿಗೆ ಕಣ್ಣು ಕಾಣುವುದಿಲ್ಲ, ಕಿವಿ ಚೆನ್ನಾಗಿಯೇ ಕೇಳುತ್ತದೆ.

ಏನು ಕೇಳಬೇಕು? ಏನು ಕಾಯಿಲೆ, ಹೇಗಾಯಿತು ಎಂದಲ್ಲ. ಬರಲು ಏನು ತೊಂದರೆ, ಎಷ್ಟು ಹೊತ್ತು ಕೂರಬಹುದು, ಯಾರ ಜೊತೆ ಕೂರಲು ಇಷ್ಟ, ವಾಪಸ್ ಹೋಗುವುದು ಹೇಗೆ. ಕೆಲವರು, "ನನಗೆ ಆಟ ಇಷ್ಟ ಇಲ್ಲ" ಎನ್ನಬಹುದು. ಅದೂ ಸರಿ. ಹೇಗೆ ಕರೆಯಬೇಕು ಎಂಬ ಗೊಂದಲ ಬೇಡ. ಸರ್ಕಾರ ವಿಕಲಚೇತನ ಎನ್ನುತ್ತದೆ, ಕೆಲವರು ವಿಶೇಷಚೇತನ ಎನ್ನುತ್ತಾರೆ, ಕೆಲವರಿಗೆ ಎರಡೂ ಇಷ್ಟ ಇಲ್ಲ. ಹೆಸರು ಹಿಡಿದು ಕರೆಯಿರಿ, ಅಣ್ಣ, ಅಕ್ಕ, ಮಾವ ಎನ್ನಿ.

ಹೀಗೆ ಮಾತಾಡಿದವರಲ್ಲಿ ಒಬ್ಬರೋ ಇಬ್ಬರೋ ಸಮಿತಿಗೇ ಬರಲಿ. ಮುಂದಿನ ಎಲ್ಲ ಹೆಜ್ಜೆಯೂ ಅವರ ಮಾತಿನ ಮೇಲೆ ನಡೆಯಬೇಕು.

ಜಾಗ ನೋಡುವುದು

ಮಧ್ಯಾಹ್ನ ಒಂದು ಸಲ, ಕತ್ತಲಾದ ಮೇಲೆ ಒಂದು ಸಲ ಹೋಗಿ. ವೀಲ್‌ಚೇರ್ ಬಳಸುವವರು ಒಬ್ಬರು ಜೊತೆಗಿರಲಿ. ರಸ್ತೆಯಿಂದ ಕೂರುವ ಜಾಗದವರೆಗೆ, ಅಲ್ಲಿಂದ ಶೌಚಾಲಯಕ್ಕೆ, ಊಟದ ಜಾಗಕ್ಕೆ ನಡೆದು ನೋಡಿ. ಟೇಪು ಹಿಡಿದುಕೊಂಡು ಹೋಗಿ.

ಮಲೆನಾಡಿನಲ್ಲಿ ಮೊದಲ ಅಡ್ಡಿ ದಣಪೆ, ಅಂದರೆ ಗಳ ಅಡ್ಡ ಹಾಕಿದ ಬೇಲಿಯ ಬಾಗಿಲು. ದನ ಬರಬಾರದೆಂದು ಹಾಕಿದ್ದು ವೀಲ್‌ಚೇರನ್ನೂ ತಡೆಯುತ್ತದೆ. ಅವತ್ತಿನ ಮಟ್ಟಿಗೆ ಗಳ ಪೂರ್ತಿ ತೆಗೆಯಿರಿ. ದಾರಿ ಕನಿಷ್ಠ 3 ಅಡಿ ಅಗಲ ಬೇಕು, 4 ಅಡಿ ಇದ್ದರೆ ಒಳ್ಳೆಯದು. ಎರಡನೆಯದು ಚರಂಡಿ. ಅಡಿಕೆ ಮರದ ಸಂಕ (ಕಾಲುಸೇತುವೆ) ಸಾಲದು. ಅಗಲದ ಹಲಗೆ ಅಥವಾ ಕಲ್ಲಿನ ಚಪ್ಪಡಿ ಹಾಸಿ. ಮೂರನೆಯದು ಪಾಚಿ. ಮಳೆಗಾಲದಲ್ಲಿ ಬೆಳೆದ ಪಾಚಿ ಬೇಸಿಗೆಯಲ್ಲಿ ಒಣಗಿ ಕಪ್ಪಾಗಿ ಕೂತಿರುತ್ತದೆ. ರಾತ್ರಿ ಇಬ್ಬನಿ ಬಿದ್ದರೆ ಮತ್ತೆ ಜಾರುತ್ತದೆ. ಊರುಗೋಲು ಹಿಡಿದವರಿಗೆ ಇದು ಅಪಾಯ. ಬ್ಲೀಚಿಂಗ್ ಪೌಡರ್ ಹಾಕಿ ಗಟ್ಟಿ ಪೊರಕೆಯಲ್ಲಿ ಉಜ್ಜಿ ತೊಳೆಸಿ.

ಬಯಲಿನಲ್ಲಿ ಜಲ್ಲಿ, ಮರಳು ಹರಡಬೇಡಿ. ಚಕ್ರ ಹೂತುಹೋಗುತ್ತದೆ. ನೀರು ಚಿಮುಕಿಸಿ ದಿಮ್ಮಸು ಹಾಕಿದ ಕೆಮ್ಮಣ್ಣಿನ ನೆಲವೇ ಚೆನ್ನ.

ಶಾಮಿಯಾನದ ಹಗ್ಗವನ್ನು ಮರೆಯಬೇಡಿ. ಗೂಟಕ್ಕೆ ಕಟ್ಟಿದ ಹಗ್ಗ ಕಣ್ಣು ಕಾಣುವವರನ್ನೇ ಬೀಳಿಸುತ್ತದೆ. ದಾರಿಯ ಕಡೆ ಹಗ್ಗ ಬರದಂತೆ ಕಟ್ಟಿಸಿ. ಆಗದಿದ್ದರೆ ಬಿಳಿ ಬಟ್ಟೆ ಸುತ್ತಿ, ಒಬ್ಬರನ್ನು ಅಲ್ಲಿ ನಿಲ್ಲಿಸಿ. ತಲೆಯ ಎತ್ತರಕ್ಕೆ ಇಳಿಬಿದ್ದ ವೈರು, ತೋರಣ, ಬಾಳೆಗೊನೆ ಕೂಡ ನೋಡಿ. ಬಿಳಿ ಕೋಲು ನೆಲದ ಅಡ್ಡಿಯನ್ನು ಹೇಳುತ್ತದೆ, ತಲೆಗೆ ಬಡಿಯುವುದನ್ನು ಹೇಳುವುದಿಲ್ಲ.

ಇಳಿಜಾರಿನ ಲೆಕ್ಕ

ಎಲ್ಲರೂ ತಪ್ಪುವುದು ಇಲ್ಲೇ. ಎರಡು ಮೆಟ್ಟಿಲಿದೆ, ಒಂದು ಹಲಗೆ ಅಡ್ಡ ಇಟ್ಟರಾಯಿತು ಎಂದುಕೊಳ್ಳುತ್ತಾರೆ. ಅದು ಜಾರುಬಂಡೆ ಆಗುತ್ತದೆ.

ಲೆಕ್ಕ ಹೀಗಿದೆ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ. ಆರಾರು ಇಂಚಿನ ಎರಡು ಮೆಟ್ಟಿಲು ಎಂದರೆ ಒಂದು ಅಡಿ, ಅದಕ್ಕೆ 12 ಅಡಿ ಇಳಿಜಾರು. ಒಂದೂವರೆ ಅಡಿಯ ಶಾಲೆ ಜಗಲಿಗೆ 18 ಅಡಿ. ಮೂರಡಿ ಎತ್ತರದ ಸ್ಟೇಜಿಗೆ 36 ಅಡಿ, ಅದರ ನಡುವೆ ಸುಧಾರಿಸಿಕೊಳ್ಳಲು ಒಂದು ಸಮತಟ್ಟು ಜಾಗ. ಅಗಲ 4 ಅಡಿ. ಮೇಲೆ ಮತ್ತು ಕೆಳಗೆ ವೀಲ್‌ಚೇರ್ ತಿರುಗಲು ಐದೈದು ಅಡಿ ಸಮತಟ್ಟು ಬೇಕು. ಎರಡೂ ಅಂಚಿಗೆ ಚಕ್ರ ಜಾರದಂತೆ ಎರಡು ಮೂರು ಇಂಚಿನ ಮರದ ರೀಪು (ಪಟ್ಟಿ) ಹೊಡೆಯಿರಿ. ಹಿಡಿದುಕೊಳ್ಳಲು ಗಳ ಕಟ್ಟಿ, ಸಿಬಿರು ಇರದಂತೆ ಉಜ್ಜಿ ನುಣ್ಣಗೆ ಮಾಡಿ.

ಅಡಿಕೆ ದಬ್ಬೆ, ಅಂದರೆ ಅಡಿಕೆ ಮರ ಸೀಳಿದ ಪಟ್ಟಿ, ನಮ್ಮಲ್ಲಿ ಪುಕ್ಕಟೆ ಸಿಗುತ್ತದೆ, ಆದರೆ ಇಳಿಜಾರಿನ ಮೇಲ್ಮೈಗೆ ಬೇಡ. ಒದ್ದೆಯಾದರೆ ಜಾರುತ್ತದೆ, ದಬ್ಬೆಗಳ ಸಂದಿಗೆ ಮುಂದಿನ ಸಣ್ಣ ಚಕ್ರ ಸಿಕ್ಕಿಹಾಕಿಕೊಳ್ಳುತ್ತದೆ. 18 ಅಥವಾ 19 ಎಂ.ಎಂ. ಪ್ಲೈವುಡ್ ಒಳ್ಳೆಯದು. ಅದರ ಕೆಳಗೆ ಎರಡೆರಡು ಅಡಿಗೆ ಆಧಾರ ಕೊಡಿ. ಗೋಣಿಚೀಲ ಹಾಸಬೇಡಿ, ಮುದುರುತ್ತದೆ. ಬಣ್ಣ ಹಸಿಯಿರುವಾಗ ಸಣ್ಣ ಮರಳು ಉದುರಿಸಿದರೆ ಹಿಡಿತ ಬರುತ್ತದೆ. ಶಾಲೆ, ದೇವಸ್ಥಾನ, ಸಮುದಾಯ ಭವನಕ್ಕೆ ಶಾಶ್ವತವಾಗಿ ಮಾಡುವುದಾದರೆ ಕೆಂಪು ಕಲ್ಲು ಕಟ್ಟಿ, ಮಣ್ಣು ತುಂಬಿ, ಮೇಲೆ ಒರಟು ಕಾಂಕ್ರೀಟ್ ಹಾಕಿಸಿ. ಅಂಗವಿಕಲರಿಗಾಗಿ ಗ್ರಾಮ ಪಂಚಾಯಿತಿ ತೆಗೆದಿಡುವ ಶೇಕಡಾ 5ರ ನಿಧಿಯಲ್ಲಿ ಇದಕ್ಕೆ ಹಣ ಕೇಳಬಹುದು. ಮೊದಲು ಗ್ರಾಮಸಭೆಯಲ್ಲಿ ಎದ್ದು ಕೇಳಿ, ನಡಾವಳಿಯಲ್ಲಿ ಬರೆಸಿ.

ಇಷ್ಟುದ್ದಕ್ಕೆ ಜಾಗವೇ ಇಲ್ಲ ಎಂದರೆ ಸ್ಟೇಜನ್ನೇ ಇಳಿಸಿ. ಬಯಲಾಟ ಮೊದಲಿಂದಲೂ ನೆಲದ ಮೇಲೆ ಆಡಿದ್ದು. ನಾಲ್ಕು ಕಂಬ ನೆಟ್ಟು, ಮಾವಿನ ಸೊಪ್ಪು ಕಟ್ಟಿದರೆ ರಂಗಸ್ಥಳ ಆಗುತ್ತಿತ್ತು. ಎತ್ತರದ ಸ್ಟೇಜ್ ಆಮೇಲೆ ಬಂದದ್ದು. ನೆಲದ ರಂಗಸ್ಥಳಕ್ಕೆ ಯಾರು ಬೇಕಾದರೂ ಬರಬಹುದು. ಸುತ್ತಲಿನ ನೆಲ ಸ್ವಲ್ಪ ಏರಾಗಿದ್ದರೆ ಹಿಂದೆ ಕೂತವರಿಗೂ ಕಾಣುತ್ತದೆ. ಅಂಥ ಜಾಗಕ್ಕೆ ನಮ್ಮ ಗುಡ್ಡಗಳಲ್ಲಿ ಬರ ಇಲ್ಲ, ಅಲ್ವಾ?

ಒಂದು ಕೆಲಸ ಮಾತ್ರ ಮಾಡಬೇಡಿ. ನಾಲ್ಕು ಹುಡುಗರು ಸೇರಿ ವೀಲ್‌ಚೇರ್ ಸಮೇತ ಎತ್ತಿಕೊಂಡು ಹೋಗುವುದು. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಕೈಜಾರಿದರೆ ಪ್ರಾಣಕ್ಕೇ ಅಪಾಯ. ನಮ್ಮ ಚಿಕ್ಕಪ್ಪ ಹೇಳಿದ್ದು: "ಊರೆಲ್ಲ ನೋಡ್ತಿರುವಾಗ ನನ್ನನ್ನು ಮೂಟೆ ಹಾಗೆ ಎತ್ತಬೇಡಿ. ಅದಕ್ಕಿಂತ ಮನೇಲೇ ಇರ್ತೀನಿ."

ಕೂರುವುದು, ಮಲಗುವುದು

ವೀಲ್‌ಚೇರಿಗೆ 3 ಅಡಿ ಅಗಲ, 4 ಅಡಿ ಉದ್ದದ ಜಾಗ ಬಿಡಿ. ಸುಣ್ಣದಲ್ಲಿ ಗುರುತು ಹಾಕಿ. ಎಲ್ಲ ವೀಲ್‌ಚೇರುಗಳನ್ನೂ ಮುಂದಿನ ಮೂಲೆಯಲ್ಲಿ ಒಟ್ಟಿಗೆ ನಿಲ್ಲಿಸಬೇಡಿ. ಮುಂದೆ ಎರಡು, ನಡುವೆ ಎರಡು, ಹೀಗೆ ಅಲ್ಲಲ್ಲಿ ಜಾಗ ಇರಲಿ. ಪಕ್ಕದಲ್ಲೇ ಮನೆಯವರು, ಸ್ನೇಹಿತರು ಕೂರಲು ಕುರ್ಚಿ ಇರಲಿ. ಆಟ ನೋಡುವ ಸಂತೋಷದಲ್ಲಿ ಅರ್ಧ, ಪಕ್ಕದವರ ಜೊತೆ, "ಈ ಭಾಗವತರ ಗಂಟಲು ಇವತ್ತು ಚೆನ್ನಾಗಿದೆ" ಎಂದು ಹೇಳುವುದರಲ್ಲಿ ಇರುತ್ತದೆ.

ಪ್ಲಾಸ್ಟಿಕ್ ಕುರ್ಚಿ ಎಲ್ಲರಿಗೂ ಆಗುವುದಿಲ್ಲ. ಮಂಡಿ, ಸೊಂಟದ ನೋವಿರುವವರಿಗೆ ಕೈ ಇರುವ ಗಟ್ಟಿ ಮರದ ಕುರ್ಚಿ ಬೇಕು. ಕುಳ್ಳಗಿರುವವರಿಗೆ ಕಾಲು ಊರಲು ಮಣೆ ಬೇಕು. ಪ್ರಸಾದಕ್ಕೆ, ಊಟಕ್ಕೆ ಸಾಲಿನಲ್ಲಿ ನಿಲ್ಲಿಸಬೇಡಿ, ಕೂತಲ್ಲಿಗೆ ಬಡಿಸಿ.

ಬೆನ್ನುಹುರಿಗೆ ಪೆಟ್ಟಾದವರ ವಿಷಯ ಬೇರೆಯಾಗಿ ಹೇಳಬೇಕು. ಅವರಲ್ಲಿ ಎಷ್ಟೋ ಜನರಿಗೆ ಪೆಟ್ಟಾದ ಜಾಗದ ಕೆಳಗೆ ನೋವು ಗೊತ್ತಾಗುವುದಿಲ್ಲ. ಒಂದೇ ಭಂಗಿಯಲ್ಲಿ ಕೂತರೆ ಚರ್ಮಕ್ಕೆ ರಕ್ತ ಹೋಗದೆ ಹುಣ್ಣಾಗುತ್ತದೆ. ಆ ಹುಣ್ಣು ವಾಸಿಯಾಗಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ಅರ್ಧ ಗಂಟೆಗೊಮ್ಮೆಯಾದರೂ ಅವರು ಮೈ ಎತ್ತಿ, ವಾಲಿ ಭಾರ ಬದಲಿಸಬೇಕು. ಹೊತ್ತು ಜಾಸ್ತಿಯಾದರೆ ಮಲಗಬೇಕು. ರಂಗಸ್ಥಳ ಕಾಣುವಂತೆ ಒಂದು ಬದಿಗೆ ಒಂದೆರಡು ಮಂಚ, ಹಾಸಿಗೆ ಹಾಕಿ. ಹಿಂದೆ ಜನ ಚಾಪೆ ತಂದು ಮಲಗಿಕೊಂಡೇ ಆಟ ನೋಡುತ್ತಿದ್ದರು. ಚಿಕ್ಕಪ್ಪನ ಮಂಚದ ಪಕ್ಕ ಮಧ್ಯರಾತ್ರಿ ಹೊತ್ತಿಗೆ ನಾಲ್ಕು ಜನ ಹಿರಿಯರು ಚಾಪೆ ಹಾಸಿಕೊಂಡಿದ್ದರು. ಇಡೀ ರಾತ್ರಿಯ ಆಟದ ಬದಲು ಮೂರು ನಾಲ್ಕು ಗಂಟೆಯ ಕಾಲಮಿತಿಯ ಆಟ ಇಟ್ಟರೆ ಇನ್ನೂ ಜಾಸ್ತಿ ಜನ ಬರಬಹುದು. ಇದನ್ನೂ ಅವರನ್ನೇ ಕೇಳಿ ತೀರ್ಮಾನಿಸಿ. ನಮ್ಮವರು ಇಡೀ ರಾತ್ರಿಯದ್ದೇ ಬೇಕು ಎಂದರು.

ಶೌಚಾಲಯ

ಇದರ ಬಗ್ಗೆ ಮಾತಾಡಲು ಎಲ್ಲರಿಗೂ ಸಂಕೋಚ. ಆದರೆ ಎಷ್ಟೋ ಜನ ಬರದಿರುವುದು ಇದೊಂದಕ್ಕೇ. ಬಂದವರೂ ಬೆಳಿಗ್ಗೆಯಿಂದ ನೀರು ಕುಡಿಯದೆ ಬಂದಿರುತ್ತಾರೆ. ಹೆಂಗಸರಿಗಂತೂ ಇದು ಎರಡು ಪಟ್ಟು ಕಷ್ಟ.

ಬಾಗಿಲು ಪೂರ್ತಿ 3 ಅಡಿ ತೆರೆಯಬೇಕು, ಹೊರಕ್ಕೆ ತೆರೆದುಕೊಂಡರೆ ಒಳ್ಳೆಯದು. ಹೊಸ್ತಿಲು ಇರಬಾರದು. ಕೂರುವ ಕಮೋಡ್ ಬೇಕು, ಹಿಡಿದುಕೊಳ್ಳಲು ಗೋಡೆಗೆ ಗಟ್ಟಿ ಕಂಬಿ ಬೇಕು. ಒಳಗೆ ವೀಲ್‌ಚೇರ್ ತಿರುಗಲು 5 ಅಡಿ ಜಾಗ ಬೇಕು. ಶಾಲೆಯಲ್ಲಿ ಇಂಥದ್ದು ಇಲ್ಲದಿದ್ದರೆ ಹತ್ತಿರದ ಮನೆಯವರನ್ನು ಕೇಳಿ. ಅದೂ ಇಲ್ಲದಿದ್ದರೆ ಸಮತಟ್ಟು ಜಾಗದಲ್ಲಿ ತಗಡು ಅಥವಾ ಟಾರ್ಪಾಲಿನ ಕೋಣೆ ಕಟ್ಟಿ, ಒಳಗೆ ಕಮೋಡ್ ಕುರ್ಚಿ ಇಡಿ. ದೀಪ, ನೀರು, ಒಳಗಿನಿಂದ ಚಿಲಕ, ಮುಚ್ಚಳದ ಬಕೆಟ್, ಕೈತೊಳೆಯಲು ಕೈಗೆಟುಕುವ ಎತ್ತರದಲ್ಲಿ ಸೋಪು, ಇಷ್ಟಿರಲಿ. ಚೊಕ್ಕ ಇಡುವ ಹೊಣೆ ಒಬ್ಬರ ಹೆಸರಿಗೆ ಬರೆದಿಡಿ. ಎಲ್ಲರ ಹೊಣೆ ಎಂದರೆ ಯಾರೂ ನೋಡುವುದಿಲ್ಲ.

ಕಣ್ಣು ಕಾಣದವರಿಗೆ ಆಟ

ಹಾಡು, ಮಾತು ಕೇಳುತ್ತದೆ, ಇನ್ನೇನು ಬೇಕು ಎಂದುಕೊಳ್ಳುತ್ತೇವೆ. ವೇಷ, ಕುಣಿತ ಇಲ್ಲದ ತಾಳಮದ್ದಲೆಗೆ, ಕಾವ್ಯವನ್ನು ರಾಗವಾಗಿ ಓದುವ ಗಮಕಕ್ಕೆ ಆ ಮಾತು ಹೊಂದುತ್ತದೆ. ಶಿವಮೊಗ್ಗದ ಹತ್ತಿರ ತುಂಗೆಯ ದಡದ ಹೊಸಹಳ್ಳಿ ಗಮಕಕ್ಕೇ ಹೆಸರಾದ ಊರು. ಓದು ಮತ್ತು ವ್ಯಾಖ್ಯಾನ ಎರಡೂ ಕಿವಿಗೇ ಇರುವ ಕಲೆ ಅದು. ಆದರೆ ಆಟದಲ್ಲಿ ಬಣ್ಣ ಇದೆ, ಕುಣಿತ ಇದೆ, ತೆರೆಯ ಹಿಂದಿನ ಒಡ್ಡೋಲಗ (ವೇಷಗಳ ಮೊದಲ ಪ್ರವೇಶದ ಕುಣಿತ) ಇದೆ. ಅದನ್ನು ತಲುಪಿಸುವುದು ಹೇಗೆ?

ನಾವು ಮಾಡಿದ್ದು ಹೇಳುತ್ತೇನೆ. ಆಟ ಶುರುವಾಗುವ ಒಂದು ಗಂಟೆ ಮುಂಚೆ ಐದು ಜನರನ್ನು ಚೌಕಿಗೆ, ಅಂದರೆ ವೇಷ ಕಟ್ಟುವ ಜಾಗಕ್ಕೆ, ಕರೆದುಕೊಂಡು ಹೋದೆವು. ಮೇಳದವರ ಹತ್ತಿರ ಮೊದಲೇ ಕೇಳಿದ್ದೆವು. ಕೆಲವರಿಗೆ ಪೂಜೆಯಾದ ಕಿರೀಟ ಮುಟ್ಟಿಸಲು ಮನಸ್ಸಿರುವುದಿಲ್ಲ, ಒತ್ತಾಯ ಬೇಡ. ಹಳೆಯದೊಂದು ಜೊತೆ ವೇಷ ಕೊಟ್ಟರೂ ನಡೆಯುತ್ತದೆ. ಗೆಜ್ಜೆ, ಭುಜಕೀರ್ತಿ, ಎದೆಕಟ್ಟು, ತಲೆಗೆ ಕಟ್ಟುವ ಕೇದಗೆ ಮುಂದಲೆ ಒಂದೊಂದಾಗಿ ಕೈಗೆ ಕೊಟ್ಟೆವು. ಕಲಾವಿದರು ತಮ್ಮ ಹೆಸರು, ಪಾತ್ರದ ಹೆಸರು ಹೇಳಿ, ಪಾತ್ರದ ದನಿಯಲ್ಲೇ ಎರಡು ಮಾತಾಡಿದರು. ಆಮೇಲೆ ರಂಗಸ್ಥಳದಲ್ಲಿ ದನಿ ಬಂದಾಗ ಯಾರದೆಂದು ಗೊತ್ತಾಗುತ್ತದೆ. ಮೊದಲು ಹೇಳಿದ ಪಕ್ಕದೂರಿನ ಅಕ್ಕ ಕೇದಗೆ ಮುಂದಲೆಯನ್ನು ಎರಡು ಕೈಯಲ್ಲೂ ಹಿಡಿದು ಸುಮಾರು ಹೊತ್ತು ಕೂತಿದ್ದರು. "ಚಿಕ್ಕವಳಿಂದ ಇದರ ಹೆಸರು ಕೇಳ್ತಿದ್ದೇನೆ. ಇಷ್ಟು ದೊಡ್ಡದು ಅಂತ ಯಾರೂ ಹೇಳಿರಲಿಲ್ಲ" ಎಂದರು. ಐವತ್ತು ವರ್ಷ ಆಟ ಕೇಳಿದವರು ಅವರು.

ಆಟ ನಡೆಯುವಾಗ ಪಕ್ಕದಲ್ಲಿ ಕೂತು ಕಾಣುವುದನ್ನು ಮೆಲ್ಲಗೆ ಹೇಳಲು ಒಬ್ಬರು ಬೇಕು. ಇದಕ್ಕೆ ಅಭ್ಯಾಸ ಬೇಕು. "ಭೀಮನಿಗೆ ಭಯಂಕರ ಸಿಟ್ಟು ಬಂದಿದೆ" ಎನ್ನಬೇಡಿ. "ಭೀಮ ಗದೆಯನ್ನು ಹೆಗಲಿಗೆ ಇಟ್ಟ. ಬಲಗಾಲು ನೆಲಕ್ಕೆ ಬಡಿದ. ದುರ್ಯೋಧನ ಎರಡು ಹೆಜ್ಜೆ ಹಿಂದೆ ಸರಿದ, ಮುಖ ತಿರುಗಿಸಿದ" ಎನ್ನಿ. ಸಿಟ್ಟು ಎಷ್ಟು ಎಂಬುದನ್ನು ಕೇಳುವವರು ತಾವೇ ತಿಳಿಯುತ್ತಾರೆ. ಕಲಾವಿದರು ಅರ್ಥ (ಪಾತ್ರದ ಮಾತು) ಹೇಳುವಾಗ ಸುಮ್ಮನಿರಿ. ಭಾಗವತರು ಪದ್ಯದ ಸಾಲನ್ನು ಮತ್ತೆ ಮತ್ತೆ ಹಾಡುತ್ತಾರಲ್ಲ, ಮೊದಲ ಸಲ ಸಾಲು ಕೇಳಲು ಬಿಡಿ, ಎರಡನೇ ಸಲಕ್ಕೆ ಕುಣಿತ ಹೇಳಿ. ಪ್ರಸಂಗ (ಆಟದ ಕಥೆ) ಗೊತ್ತಿರುವ ಹಿರಿಯರಿಗಿಂತ ಪಿ.ಯು.ಸಿ. ಓದುವ ಹುಡುಗಿಯೊಬ್ಬಳು ನಮ್ಮಲ್ಲಿ ಇದನ್ನು ಚೆನ್ನಾಗಿ ಮಾಡಿದಳು. ಹಿರಿಯರು ಕಥೆ ಹೇಳಲು ಶುರು ಮಾಡಿಬಿಡುತ್ತಾರೆ.

ಒಬ್ಬರು ಹೇಳಿದ್ದನ್ನು ಫೋನಿನ ಕಾನ್ಫರೆನ್ಸ್ ಕರೆಯಲ್ಲಿ ಹಲವರು ಇಯರ್‌ಫೋನ್ ಹಾಕಿ ಕೇಳಬಹುದು. ಆದರೆ ನಮ್ಮ ಕಡೆ ನೆಟ್‌ವರ್ಕ್ ನಂಬುವಂತಿಲ್ಲ. ಇಬ್ಬರಿಗೊಬ್ಬರು ಹೇಳುವವರನ್ನು ಕೂರಿಸುವುದೇ ಗಟ್ಟಿ.

ದಾರಿ ತೋರಿಸುವಾಗ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಮುಂದೆ ಮಾಡಿ, ಅವರು ಹಿಡಿದುಕೊಳ್ಳುತ್ತಾರೆ. ಅರ್ಧ ಹೆಜ್ಜೆ ಮುಂದೆ ನಡೆಯಿರಿ. ಬಿಟ್ಟು ಹೋಗುವಾಗ, "ನಾನು ಹೋಗ್ತೀನಿ" ಎಂದು ಹೇಳಿ ಹೋಗಿ.

ಕಿವಿ ಕೇಳದವರಿಗೆ

ಮೊದಲು ಬೆಳಕು. ಕೆಂಪು, ಹಸಿರು ದೀಪ ಹಾಕಿದರೆ ಮುಖ ಕಾಣುವುದಿಲ್ಲ. ಕಿವಿ ಕೇಳದವರು ಕಥೆ ಓದುವುದೇ ಮುಖದಿಂದ, ಕೈಯಿಂದ. ಬಿಳಿ ಬೆಳಕು ಎದುರಿನಿಂದ ಬೀಳಲಿ. ಸೀಟು ಮುಂದೆ ಇರಲಿ. ಪಕ್ಕಕ್ಕೆ ಸರಿದರೆ ಮುಖ ಅರ್ಧವೇ ಕಾಣುತ್ತದೆ.

ಎರಡನೆಯದು ಕಥೆಯ ಹಾಳೆ. ಪ್ರಸಂಗವನ್ನು ಒಂದೇ ಪುಟದಲ್ಲಿ, ದಪ್ಪ ಅಕ್ಷರದಲ್ಲಿ, ಸಣ್ಣ ವಾಕ್ಯಗಳಲ್ಲಿ ಬರೆಯಿರಿ. ಯಾವ ಪಾತ್ರ ಯಾವ ಬಣ್ಣದ ವೇಷ ಎಂದು ಬರೆಯಿರಿ. "ಹಸಿರು ಸೀರೆಯವಳು ಸುಭದ್ರೆ" ಎಂದರೆ ಸಾಕು. ಇದನ್ನು ಎರಡು ದಿನ ಮುಂಚೆ ಮನೆಗೆ ಮುಟ್ಟಿಸಿ. ನಾವು ಐವತ್ತು ಪ್ರತಿ ಮಾಡಿಸಿದ್ದೆವು. ಕಿವಿ ಮಂದವಾದ ಅಜ್ಜಂದಿರು, ಬೆಂಗಳೂರಿಂದ ಬಂದ ಮಕ್ಕಳು ಎಲ್ಲ ಕೇಳಿ ತೆಗೆದುಕೊಂಡು ಅಷ್ಟೂ ಖಾಲಿಯಾಯಿತು.

ಸನ್ನೆ ಭಾಷೆಯ ದುಭಾಷಿಗಳನ್ನು ಕರೆಸುವುದಾದರೆ ಇಬ್ಬರು ಬೇಕು. ಇಪ್ಪತ್ತು ಇಪ್ಪತ್ತೈದು ನಿಮಿಷಕ್ಕೊಮ್ಮೆ ಬದಲಾಗುತ್ತಾರೆ, ಒಬ್ಬರಿಂದ ಆಗುವ ಕೆಲಸ ಅಲ್ಲ. ಆಟದ ಅರ್ಥಗಾರಿಕೆ ಅಲ್ಲೇ ಹುಟ್ಟುವ ಮಾತು. ಹಾಗಾಗಿ ಪದ್ಯಗಳನ್ನು ಮೊದಲೇ ಕೊಟ್ಟು, ಕಲಾವಿದರ ಜೊತೆ ಅರ್ಧ ಗಂಟೆ ಕೂರಿಸಿ. ರಂಗಸ್ಥಳದ ಅಂಚಿನಲ್ಲಿ, ವೇಷಕ್ಕೆ ಅಡ್ಡ ಬರದಂತೆ ನಿಲ್ಲಿಸಿ, ಅವರ ಮೇಲೂ ಒಂದು ದೀಪ ಬೀಳಲಿ. ಆದರೆ ಕರೆಸುವ ಮುಂಚೆ ಕೇಳಿ. ಹಳ್ಳಿಯ ಎಷ್ಟೋ ಜನ ಕಿವುಡರಿಗೆ ಭಾರತೀಯ ಸನ್ನೆ ಭಾಷೆ ಕಲಿಯುವ ಅವಕಾಶವೇ ಸಿಕ್ಕಿರುವುದಿಲ್ಲ. ಮನೆಯಲ್ಲಿ ಬೆಳೆದ ಸನ್ನೆಯೇ ಅವರ ಭಾಷೆ. ಪೇಟೆಯ ಗ್ಯಾರೇಜಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗ ನಮಗೆ ಬರೆದು ತೋರಿಸಿದ: "ಹಾಳೆ ಸಾಕು. ಚಂಡೆ ಹತ್ತಿರ ಕೂರಿಸಿ." ಮರದ ಹಲಗೆಯ ಮೇಲೆ ಬರಿಗಾಲು ಊರಿ ಕೂತ. ಚಂಡೆಯ ಪೆಟ್ಟು ಅವನ ಪಾದಕ್ಕೆ ಬರುತ್ತಿತ್ತು. ರಭಸದ ಏರುಪದ್ಯಕ್ಕೆ ಅವನ ತಲೆ ತಾಳಕ್ಕೆ ಸರಿಯಾಗಿ ಆಡುತ್ತಿತ್ತು.

ಶ್ರವಣ ಸಾಧನ ಹಾಕಿದವರನ್ನು ಮಾತ್ರ ಸ್ಪೀಕರ್ ಹತ್ತಿರ ಕೂರಿಸಬೇಡಿ. ಸದ್ದು ಒಡೆದು ಕಿವಿ ನೋಯುತ್ತದೆ.

ಸದ್ದು ತಡೆಯದವರಿಗೆ

ಆಟಿಸಂ ಇರುವ ಕೆಲವು ಮಕ್ಕಳಿಗೆ ಚಂಡೆಯ ಸದ್ದು, ಜನರೇಟರಿನ ಗುಂಯ್ ಶಬ್ದ ಹಿಂಸೆ ಆಗುತ್ತದೆ. ಪಟಾಕಿ ಬೇಡ. ಜನರೇಟರ್ ದೂರ ಇಡಿಸಿ. ಪಟಪಟ ಹೊತ್ತಿ ಆರುವ ದೀಪ ಬೇಡ, ಕೆಲವರಿಗೆ ಅದರಿಂದ ಮೂರ್ಛೆ ಬರಬಹುದು. ಶಾಲೆಯ ಒಂದು ಕೋಣೆಯಲ್ಲಿ ಸಣ್ಣ ದೀಪ, ಚಾಪೆ, ನೀರು ಇಟ್ಟು ತೆರೆದಿಡಿ. ಬೇಕಾದಾಗ ಹೋಗಿ ಕೂತು ಮತ್ತೆ ಬರಬಹುದು. ಹುಲ್ಲು ಹೊಡೆಯುವ ಮೆಷಿನ್ ಇರುವ ಮನೆಯಲ್ಲಿ ಕಿವಿಗೆ ಹಾಕುವ ಇಯರ್‌ಮಫ್ ಇರುತ್ತದೆ, ನಾಲ್ಕೈದು ತಂದಿಡಿ. ಸ್ವಾಗತ ಮಾಡುವಾಗಲೇ ಮೈಕಿನಲ್ಲಿ ಹೇಳಿ: "ಯಾರಾದರೂ ಎದ್ದು ಓಡಾಡಿದರೆ, ಸದ್ದು ಮಾಡಿದರೆ ದಯವಿಟ್ಟು ಗದರಬೇಡಿ. ಅವರೂ ಆಟ ನೋಡಲು ಬಂದವರು." ಆ ಒಂದು ಮಾತಿಗೆ ಒಬ್ಬ ತಾಯಿ ಬಂದು ನನ್ನ ಕೈ ಹಿಡಿದುಕೊಂಡಿದ್ದರು.

ಕರಪತ್ರ, ವಾಟ್ಸಾಪು, ಬಸ್ಸು

ಬಣ್ಣದ ಚಿತ್ರವಾಗಿ ಕಳಿಸಿದ ಕರಪತ್ರವನ್ನು ಕಣ್ಣು ಕಾಣದವರ ಫೋನು ಸರಿಯಾಗಿ ಓದಿ ಹೇಳುವುದಿಲ್ಲ. ಅದೇ ವಿಷಯವನ್ನು ಟೈಪ್ ಮಾಡಿ ಕಳಿಸಿ, ಜೊತೆಗೊಂದು ವಾಯ್ಸ್ ಮೆಸೇಜ್ ಹಾಕಿ. "ಸರ್ವರಿಗೂ ಆದರದ ಸ್ವಾಗತ" ಎಂದು ಬರೆದರೆ ಸಾಲದು. ಏನಿದೆ, ಏನಿಲ್ಲ ಎಂದು ನೇರವಾಗಿ ಬರೆಯಿರಿ: "ರಸ್ತೆಯಿಂದ ರಂಗಸ್ಥಳದವರೆಗೆ ಮೆಟ್ಟಿಲಿಲ್ಲ. ಕಮೋಡ್ ಇರುವ ಶೌಚಾಲಯ ಇದೆ. ಸನ್ನೆ ಭಾಷೆಯವರು ಈ ವರ್ಷ ಇಲ್ಲ." ಕೇಳಲು ಒಬ್ಬರ ಫೋನ್ ನಂಬರ್ ಇರಲಿ. ಆ ನಂಬರಿನವರು ಫೋನ್ ಎತ್ತುವವರಾಗಿರಲಿ.

ಸರ್ಕಾರಿ ಬಸ್ಸಿನ ರಿಯಾಯಿತಿ ಪಾಸು ಖಾಸಗಿ ಬಸ್ಸಿಗೆ ನಡೆಯುವುದಿಲ್ಲ. ನಮ್ಮ ಕಡೆ ಓಡುವುದು ಜಾಸ್ತಿ ಖಾಸಗಿ ಬಸ್ಸುಗಳೇ, ಅದೂ ಸಂಜೆಗೇ ಮುಗಿಯುತ್ತವೆ. ಆದ್ದರಿಂದ ಕರೆತರಲು, ಬಿಟ್ಟುಬರಲು ಜೀಪು, ಓಮ್ನಿ, ಆಟೋ ಇರುವವರ ಒಂದು ಸರದಿ ಮಾಡಿ. ಬಿಟ್ಟುಬರುವವರು ಅಂಗಳದ ತನಕ ಹೋಗಬೇಕು, ರಸ್ತೆಯ ತಿರುವಿನಲ್ಲಿ ಇಳಿಸುವುದಲ್ಲ.

ನೋಡುವವರಾಗಿ ಮಾತ್ರ ಅಲ್ಲ

ನಮ್ಮ ಜಿಲ್ಲೆಯಲ್ಲಿ ಕಲೆ ಪೇಟೆಯವರ ಹವ್ಯಾಸ ಅಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ 1949ರಲ್ಲೇ ನೀನಾಸಮ್ ಎಂಬ ನಾಟಕ ಸಂಸ್ಥೆ ಶುರುವಾಯಿತು. ಅಂಥ ಜಿಲ್ಲೆಯಲ್ಲಿ ಅಂಗವೈಕಲ್ಯ ಇರುವವರಿಗೆ ಪ್ರೇಕ್ಷಕರ ಸೀಟು ಕೊಟ್ಟು ಕೈತೊಳೆದುಕೊಂಡರೆ ಸಾಲದು. 2016ರ ಕಾಯ್ದೆಯ 29ನೇ ಸೆಕ್ಷನ್ ಕಲೆ, ಸಂಸ್ಕೃತಿಯಲ್ಲಿ ಅವರು ಪಾಲ್ಗೊಳ್ಳುವ ಹಕ್ಕಿನ ಬಗ್ಗೆಯೇ ಇದೆ. ಕಲಾವಿದರಾಗಿ ಅವರಿಗೆ ಬೆಂಬಲ ಕೊಡಬೇಕು ಎಂದೂ ಹೇಳುತ್ತದೆ. ಪಂಚಾಯಿತಿಗೆ, ಇಲಾಖೆಗೆ ಅರ್ಜಿ ಬರೆಯುವಾಗ ಆ ಸೆಕ್ಷನ್ ನಂಬರ್ ಬರೆಯಿರಿ.

ಸ್ಟೇಜಿಗೂ, ಚೌಕಿಗೂ ಇಳಿಜಾರು ಇರಬೇಕು. ಸಂಭಾವನೆ ಉಳಿದವರಷ್ಟೇ ಕೊಡಿ. ಪರಿಚಯ ಮಾಡುವಾಗ, "ಅಂಗವೈಕಲ್ಯ ಇದ್ದರೂ" ಎಂದು ಶುರು ಮಾಡಬೇಡಿ. ಯಾರ ಹತ್ತಿರ ಕಲಿತರು, ಏನು ನುಡಿಸುತ್ತಾರೆ ಎಂದು ಹೇಳಿ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪುಟ್ಟರಾಜ ಗವಾಯಿಗಳಿಗೆ ಕಣ್ಣು ಕಾಣುತ್ತಿರಲಿಲ್ಲ. ನಾಡು ಅವರನ್ನು ನೆನೆಯುವುದು ಅವರ ಸಂಗೀತಕ್ಕೆ, ಅವರು ತಯಾರು ಮಾಡಿದ ಶಿಷ್ಯರಿಗೆ.

ಮಲೆನಾಡಿನ ಗೋಡೆಚಿತ್ರವಾದ ಹಸೆ ಚಿತ್ತಾರದ ಶಿಬಿರ ಮಾಡುವವರಿಗೆ ಒಂದು ಮಾತು. ಕೆಮ್ಮಣ್ಣು ಬಳಿದ ಹಲಗೆಯನ್ನು ಗೋಡೆಯ ಬದಲು ಮೇಜಿನ ಮೇಲಿಡಿ, ಕೂತೇ ಬರೆಯಬಹುದು. ಕೈ ಬಿಗಿ ಇಲ್ಲದವರಿಗೆ ಪುಂಡಿನಾರಿನ ಕುಂಚಕ್ಕೆ ದಪ್ಪಗೆ ಬಟ್ಟೆ ಸುತ್ತಿ ಕೊಡಿ. ಕಣ್ಣು ಕಾಣದವರಿಗೆ ಅದೇ ಚಿತ್ತಾರದ ಎಳೆಗಳ ಮೇಲೆ ಸಣಬಿನ ದಾರ ಅಂಟಿಸಿದ ಹಲಗೆ ಮಾಡಿ. ಚಿತ್ತಾರ ಎಂದರೆ ಎಳೆಗಳ ಲೆಕ್ಕವೇ ತಾನೇ, ಬೆರಳಿಗೆ ಬೇಗ ಸಿಗುತ್ತದೆ. ಕುಪ್ಪಳಿಯಲ್ಲಿರುವ ಕುವೆಂಪು ಅವರ ಕವಿಮನೆಯಂಥ ಹಳೆಯ ಮಹಡಿ ಮನೆಗೆ ತಂಡ ಕರೆದುಕೊಂಡು ಹೋಗುವವರು, ಮೇಲೆ ಹತ್ತಲಾಗದವರಿಗೆ ಮೇಲಿನದನ್ನು ವಿಡಿಯೊದಲ್ಲಿ ತೋರಿಸುವ ಏರ್ಪಾಡು ಮೊದಲೇ ಮಾಡಿಕೊಳ್ಳಿ. ಅಲ್ಲಿನ ಗುಡ್ಡದ ಮೇಲಿನ ಕವಿಶೈಲದಲ್ಲಿ ಓದಬೇಕೆಂದಿದ್ದ ಕವಿತೆಯನ್ನು ಕೆಳಗೂ ಓದಿ.

ಮಾರನೇ ದಿನ

ಚಪ್ಪರ ಬಿಚ್ಚುವ ಗಡಿಬಿಡಿಯಲ್ಲಿ ಇದು ತಪ್ಪಿಹೋಗುತ್ತದೆ. ವಾರದೊಳಗೆ ಬಂದವರ ಮನೆಗೂ, ಬರದೇ ಇದ್ದವರ ಮನೆಗೂ ಹೋಗಿ. ಬರದವರ ಮಾತು ಜಾಸ್ತಿ ಮುಖ್ಯ. ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸಮಿತಿಯ ಲೆಕ್ಕದ ಪುಸ್ತಕದ ಜೊತೆ ಇಡಿ. ಸಮಿತಿ ಬದಲಾದರೂ ಪುಸ್ತಕ ಇರುತ್ತದೆ. ನಮ್ಮ ಪುಸ್ತಕದ ಮೊದಲ ಪುಟದಲ್ಲಿ ಇರುವುದು ಚಿಕ್ಕಪ್ಪನ ದೂರು: ಹಿಮ್ಮೇಳದ ಜಾಗಕ್ಕೆ ವೀಲ್‌ಚೇರ್ ಹೋಗುತ್ತಿರಲಿಲ್ಲ. ಮುಂದಿನ ವರ್ಷ ಅಲ್ಲಿಗೂ ಹಲಗೆ ಹಾಕಿದೆವು. ಬೆನ್ನಿಗೆ ಒರಗು ಇರುವ, ಸೊಂಟಕ್ಕೆ ಬೆಲ್ಟ್ ಕಟ್ಟುವ ಒಂದು ತಗ್ಗಿನ ಕುರ್ಚಿಯನ್ನು ಬಡಗಿ ಆಚಾರ್ರ ಹತ್ತಿರ ಮಾಡಿಸಿದೆವು, ತೊಡೆಯ ಮೇಲೆ ಮದ್ದಲೆ ನಿಲ್ಲುವ ಹಾಗೆ.

ಇಳಿಜಾರಿನ ಹಲಗೆಗಳನ್ನು ಮಳೆಗೆ ಬಿಡಬೇಡಿ. ಒಂದೊಂದಕ್ಕೂ ನಂಬರ್ ಬರೆದು, ನೆಲದಿಂದ ಎತ್ತರಕ್ಕೆ ದಬ್ಬೆ ಹಾಕಿ, ಶಾಲೆಯ ಕೊಟ್ಟಿಗೆಯಲ್ಲಿ ಜೋಡಿಸಿಡಿ. ಗೆದ್ದಲಿಗೆ ಎಣ್ಣೆ ಬಳಿಯಿರಿ. ಮದುವೆ ಮನೆಯವರು, ಪಕ್ಕದೂರಿನವರು ಕೇಳಿದರೆ ಕೊಡಿ. ಯಾರು ಒಯ್ದರು, ಯಾವಾಗ ತಂದರು ಎಂದು ಅದೇ ಪುಸ್ತಕದಲ್ಲಿ ಬರೆದಿಡಿ.